ಉಪ್ಪುನೀರಿನಲ್ಲಿ ದುರ್ಬಲ ಆಮ್ಲ ಎಷ್ಟು ಕರಗುತ್ತದೆ? ಅಳೆಯುವ ಬಗೆ, ಲೆಕ್ಕ ಹಾಕುವ ಬಗೆ

ರಸ, ಉಪ್ಪಿನಕಾಯಿ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಪುಡಿಯನ್ನು ನೀರಿಗೆ ಹಾಕಿ ಕಲಕಿ. ನೋಡನೋಡುತ್ತಲೇ ಕರಗಿ ಹೋಗುತ್ತದೆ. ಅದೇ ನೀರನ್ನು ಉಪ್ಪು ಹಾಕಿಟ್ಟ ಲಿಂಬೆರಸಕ್ಕೆ ಒಮ್ಮೆಲೇ ಸುರಿಯಿರಿ. ಸುರಿದ ಜಾಗದಲ್ಲಿ ಬಿಳಿ ಚೂರುಗಳು ಏಳುತ್ತವೆ. ಪುಡಿ ಕೆಟ್ಟಿದೆ, ಕಲಬೆರಕೆ ಮಾಲು ಬಂದಿದೆ ಎಂದು ಅನುಮಾನ ಬರುವುದು ಸಹಜ. ಆದರೆ ಪುಡಿಯಲ್ಲಿ ಏನೂ ದೋಷವಿಲ್ಲ. ಏಳುವುದು ಬೆಂಜೋಯಿಕ್ ಆಮ್ಲ. ನೀರಿನಲ್ಲಿ ಸುಲಭವಾಗಿ ಕರಗದ ಒಂದು ದುರ್ಬಲ ಆಮ್ಲ ಅದು.

ವಿಜಯಪುರ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ವಿಷಯವಲ್ಲ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಹಣ್ಣು ಮಾರುವುದರ ಜೊತೆಗೆ ರಸ, ಸ್ಕ್ವಾಶ್, ಉಪ್ಪಿನಕಾಯಿ ಮಾಡಿ ಮಾರಬೇಕು ಎನ್ನುವವರು ಹೆಚ್ಚುತ್ತಿದ್ದಾರೆ. ಅವರಿಗೂ, ನಮ್ಮ ಕಡೆ ಡಿಗ್ರಿ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಓದುವವರಿಗೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪುಸ್ತಕ ತೆಗೆದರೆ ಒಂದು ಅಂಕಿ ಸಿಗುತ್ತದೆ: 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ 3.4 ಗ್ರಾಂ ಬೆಂಜೋಯಿಕ್ ಆಮ್ಲ. ನಾವೆಲ್ಲ ಅದನ್ನು ಆ ವಸ್ತುವಿನ ಹುಟ್ಟುಗುಣ ಎಂಬಂತೆ ಬಾಯಿಪಾಠ ಮಾಡುತ್ತೇವೆ. ನಿಜವಾಗಿ ಅದು ಶುದ್ಧ ನೀರಿಗೆ, ಆ ಒಂದು ಉಷ್ಣತೆಗೆ ಮಾತ್ರ ಸರಿ. ನೀರಿನಲ್ಲಿ ಬೇರೆ ಏನಾದರೂ ಸೇರಿದ ಕೂಡಲೇ ಅಂಕಿ ಅಲ್ಲಾಡುತ್ತದೆ. ಎಷ್ಟು, ಯಾವ ಕಡೆಗೆ ಎಂದು ಮೊದಲೇ ಹೇಳಬಹುದು ಎನ್ನುವುದೇ ಈ ವಿಷಯದ ಸೊಗಸು.

ಒಂದೇ ಆಮ್ಲ, ಎರಡು ರೂಪ

ದುರ್ಬಲ ಆಮ್ಲ ನೀರಿಗೆ ಬಿದ್ದರೆ ಅದರ ಬಹುಪಾಲು ಅಣುಗಳು ಇಡಿಯಾಗಿಯೇ ಉಳಿಯುತ್ತವೆ. ಸ್ವಲ್ಪ ಪಾಲು ಮಾತ್ರ ಒಡೆದು ವಿದ್ಯುತ್ ಅಂಶವಿರುವ ಎರಡು ತುಂಡು, ಅಂದರೆ ಹೈಡ್ರೋಜನ್ ಅಯಾನು ಮತ್ತು ಬೆಂಜೊಯೇಟ್ ಅಯಾನು ಆಗುತ್ತದೆ. ನೀವು ಅಳೆಯುವ 3.4 ಗ್ರಾಂನಲ್ಲಿ ಈ ಎರಡೂ ಸೇರಿವೆ.

ಲೆಕ್ಕ ಹಾಕಿ ನೋಡೋಣ. 3.4 ಗ್ರಾಂ ಎಂದರೆ ಲೀಟರಿಗೆ ಸುಮಾರು 27.8 ಮಿಲಿಮೋಲ್ (ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ, ಮಿಲಿಮೋಲ್ ಅದರ ಸಾವಿರದ ಒಂದು ಪಾಲು). ಆಮ್ಲ ಎಷ್ಟು ಸುಲಭವಾಗಿ ಒಡೆಯುತ್ತದೆ ಎಂದು ತೋರಿಸುವ ಅಂಕಿ ಪಿಕೆಎ. ಬೆಂಜೋಯಿಕ್ ಆಮ್ಲಕ್ಕೆ ಅದು 4.20. ಅದರಿಂದ ಲೆಕ್ಕ ಮಾಡಿದರೆ ಒಡೆದಿರುವುದು ಸುಮಾರು 1.3 ಮಿಲಿಮೋಲ್, ಅಂದರೆ ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದ 26.5 ಮಿಲಿಮೋಲ್ ಇಡೀ ಅಣುಗಳು. ಈ 26.5 ಅನ್ನು ಮೂಲ ಕರಗುವಿಕೆ ಎಂದು ಕರೆಯೋಣ. ಗ್ರಾಂನಲ್ಲಿ ಹೇಳುವುದಾದರೆ ಸುಮಾರು 3.2.

ತಳದಲ್ಲಿ ಕರಗದ ಹರಳು ಉಳಿದಿರುವ ತನಕ ಇಡೀ ಅಣುಗಳ ಪ್ರಮಾಣ ಇಷ್ಟೇ ಇರುತ್ತದೆ. ಕಡಿಮೆಯಾದರೆ ಹರಳು ಕರಗಿ ತುಂಬಿಕೊಡುತ್ತದೆ. ಜಾಸ್ತಿಯಾದರೆ ಹರಳಾಗಿ ಕೂರುತ್ತದೆ. ಆದರೆ ಒಡೆದ ರೂಪಕ್ಕೆ ಈ ಕಟ್ಟುಪಾಡಿಲ್ಲ. ದ್ರಾವಣದ ಹುಳಿ ಕಡಿಮೆ ಮಾಡಿದಷ್ಟೂ ಒಡೆಯುವ ಪಾಲು ಹೆಚ್ಚುತ್ತದೆ, ಒಟ್ಟು ಕರಗುವಿಕೆಯೂ ಏರುತ್ತದೆ. ಪಿಹೆಚ್ ಎಂದರೆ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅದರ ಅಂಕಿ ಕಡಿಮೆ. ಸೂತ್ರ ಇಷ್ಟೇ:

ಒಟ್ಟು ಕರಗುವಿಕೆ = ಮೂಲ ಕರಗುವಿಕೆ × (1 + 10^(ಪಿಹೆಚ್ − ಪಿಕೆಎ))

ಅಂಕಿ ಹಾಕಿ ನೋಡಿ. ಪಿಹೆಚ್ 2.2 ಇದ್ದರೆ ಲೀಟರಿಗೆ 3.3 ಗ್ರಾಂ ಅಷ್ಟೇ. 4.2ಕ್ಕೆ ಬಂದರೆ ನೇರ ಎರಡು ಪಟ್ಟು, 6.5 ಗ್ರಾಂ. 5.2ರಲ್ಲಿ ಹನ್ನೊಂದು ಪಟ್ಟು, 35 ಗ್ರಾಂ ದಾಟುತ್ತದೆ. 6.2 ಹಾಕಿದರೆ 101 ಪಟ್ಟು ಎಂದು ಬರುತ್ತದೆ. ಹೀಗೇ ಮೇಲೆ ಹೋಗುತ್ತಾ ಸೂತ್ರವನ್ನು ಕಣ್ಣುಮುಚ್ಚಿ ನಂಬಬಾರದು. ಒಂದು ಹಂತದ ನಂತರ ಸೋಡಿಯಂ ಬೆಂಜೊಯೇಟ್ ಉಪ್ಪೇ ತನ್ನ ಮಿತಿ ಮುಟ್ಟಿ ಹರಳಾಗತೊಡಗುತ್ತದೆ. ಆಗ ತಳದಲ್ಲಿ ಕೂತಿರುವುದು ಆಮ್ಲವಲ್ಲ, ಅದರ ಉಪ್ಪು. ಸೂತ್ರವೂ ಬದಲಾಗಬೇಕು.

ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಇದನ್ನು ಹಚ್ಚಿ ನೋಡಿ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಲೀಟರಿಗೆ 300 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಅದು ಆಮ್ಲದ ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಡುತ್ತದೆ. ಅದರ ಜಾಗದಲ್ಲಿ ಬೆಂಜೊಯೇಟ್ ಅಯಾನು ನಿಲ್ಲುತ್ತದೆ. ಲೆಕ್ಕದ ಪ್ರಕಾರ ಲೀಟರಿಗೆ ಸುಮಾರು ಅರ್ಧ ಗ್ರಾಂ ಜಾಸ್ತಿ ಕರಗುತ್ತದೆ. ಪುಸ್ತಕದ 3.4 ನಿಮ್ಮ ಬೀಕರಿನಲ್ಲಿ 3.9 ಆಗುತ್ತದೆ. ನೀರು ಯಾವುದು ಎಂದು ಬರೆಯದ ಕರಗುವಿಕೆಯ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಕಾರಣ ಇದೇ.

ಉಪ್ಪು ಹಾಕಿದರೆ ಏನಾಗುತ್ತದೆ

ಈಗ ಅಡುಗೆ ಉಪ್ಪಿನ ವಿಷಯ. ಸೋಡಿಯಂ ಕ್ಲೋರೈಡ್ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಆಮ್ಲದ ಜೊತೆ ಅದು ನೇರವಾಗಿ ಏನೂ ಮಾಡುವುದಿಲ್ಲ. ಆದರೂ ಕರಗುವಿಕೆ ಬದಲಾಗುತ್ತದೆ. ಅದೂ ಎರಡು ಕಡೆಗೆ, ಒಂದಕ್ಕೊಂದು ಎದುರಾಗಿ.

ಮೊದಲನೆಯದು ಇಡೀ ಅಣುಗಳ ಮೇಲಿನ ಪರಿಣಾಮ. ಸೋಡಿಯಂ, ಕ್ಲೋರೈಡ್ ಅಯಾನುಗಳು ನೀರಿನ ಅಣುಗಳನ್ನು ಬಲವಾಗಿ ತಮ್ಮ ಸುತ್ತ ಎಳೆದುಕೊಳ್ಳುತ್ತವೆ. ಮದುವೆ ಮನೆಗೆ ಬೀಗರು ಬಂದರೆ ಮನೆಯವರೆಲ್ಲ ಅವರ ಉಪಚಾರಕ್ಕೇ ನಿಲ್ಲುತ್ತಾರೆ, ಉಳಿದ ನೆಂಟರನ್ನು ಕೇಳುವವರಿರುವುದಿಲ್ಲ, ಅಲ್ವಾ? ವಿದ್ಯುತ್ ಅಂಶವಿಲ್ಲದ ಬೆಂಜೋಯಿಕ್ ಆಮ್ಲದ ಅಣುವಿನ ಪಾಡು ಹಾಗೇ ಆಗುತ್ತದೆ. ನೀರಿನಲ್ಲಿ ಅದಕ್ಕೆ ಜಾಗ ಕಡಿಮೆಯಾಗಿ ಹರಳಾಗಿ ಹೊರಬೀಳುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಸಾಲ್ಟಿಂಗ್ ಔಟ್ ಎನ್ನುತ್ತಾರೆ.

ಇದಕ್ಕೆ ಲೆಕ್ಕ ಕೊಟ್ಟವರು ರಷ್ಯಾದ ಇವಾನ್ ಸೆಚೆನೊವ್. ಅವರು ವೃತ್ತಿಯಲ್ಲಿ ಕೆಮಿಸ್ಟ್ ಅಲ್ಲ, ಶರೀರಶಾಸ್ತ್ರಜ್ಞ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೇಗೆ ಕರಗುತ್ತದೆ ಎಂದು ತಿಳಿಯಲು ಹೊರಟವರು ಉಪ್ಪಿನ ದ್ರಾವಣಗಳನ್ನೂ ಅಳೆದರು. 1889ರಲ್ಲಿ ಪ್ರಕಟಿಸಿದ ನಿಯಮ ಇಂದಿಗೂ ಬಳಕೆಯಲ್ಲಿದೆ:

ಲಾಗ್ (ಉಪ್ಪಿಲ್ಲದಾಗಿನ ಕರಗುವಿಕೆ ÷ ಉಪ್ಪಿದ್ದಾಗಿನ ಕರಗುವಿಕೆ) = ಸೆಚೆನೊವ್ ಸ್ಥಿರಾಂಕ × ಉಪ್ಪಿನ ಸಾರತೆ (ಲೀಟರಿಗೆ ಎಷ್ಟು ಮೋಲ್)

ಬೆಂಜೋಯಿಕ್ ಆಮ್ಲ ಮತ್ತು ಅಡುಗೆ ಉಪ್ಪಿನ ಜೋಡಿಗೆ ಈ ಸ್ಥಿರಾಂಕ ಸುಮಾರು 0.18. ಅಂದರೆ ಲೀಟರಿಗೆ ಒಂದು ಮೋಲ್, ಸುಮಾರು 58 ಗ್ರಾಂ ಉಪ್ಪು ಹಾಕಿದರೆ ಮೂಲ ಕರಗುವಿಕೆ 3.2 ಗ್ರಾಂನಿಂದ 2.1ಕ್ಕೆ ಇಳಿಯುತ್ತದೆ. ಉಪ್ಪಿನಕಾಯಿಯ ದ್ರವದಂತೆ ಲೀಟರಿಗೆ ಎರಡೂವರೆ ಮೋಲ್, ಅಂದರೆ 146 ಗ್ರಾಂ ಹಾಕಿದರೆ ಇನ್ನೂ ಇಳಿದು 1.15 ಗ್ರಾಂಗೆ ನಿಲ್ಲುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ಹೋಯಿತು.

ಉಪ್ಪು ಬದಲಾದರೆ ಸ್ಥಿರಾಂಕವೂ ಬದಲಾಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಸ್ವಲ್ಪ ಕಡಿಮೆ ಹೊರದೂಡುತ್ತದೆ. ಸೋಡಿಯಂ ಸಲ್ಫೇಟ್ ಬಹಳ ಜಾಸ್ತಿ. ದೊಡ್ಡ ಗಾತ್ರದ ಸಾವಯವ ಅಯಾನುಗಳಿರುವ ಕೆಲವು ಉಪ್ಪುಗಳು ಉಲ್ಟಾ ಕೆಲಸ ಮಾಡಿ ಕರಗುವಿಕೆಯನ್ನು ಏರಿಸುತ್ತವೆ. 1888ರಲ್ಲಿ ಪ್ರಾಗ್‌ನಲ್ಲಿದ್ದ ಫ್ರಾಂಜ್ ಹಾಫ್‌ಮೈಸ್ಟರ್ ಮೊಟ್ಟೆಯ ಬಿಳಿಭಾಗದ ಪ್ರೋಟೀನ್ ಮೇಲೆ ಬೇರೆ ಬೇರೆ ಉಪ್ಪು ಹಾಕಿ ನೋಡಿ, ಯಾವುದು ಎಷ್ಟು ಹೊರದೂಡುತ್ತದೆ ಎಂದು ಸಾಲಾಗಿ ಜೋಡಿಸಿದ್ದರು. ಇಲ್ಲಿಯೂ ಹೆಚ್ಚುಕಡಿಮೆ ಅದೇ ಸಾಲು ಕಾಣುತ್ತದೆ.

ಎರಡನೆಯದು ಒಡೆದ ಅಯಾನುಗಳ ಮೇಲಿನ ಪರಿಣಾಮ. ಇದು ಇನ್ನೊಂದು ಕಡೆಗೆ ಎಳೆಯುತ್ತದೆ. ದ್ರಾವಣದಲ್ಲಿ ಉಪ್ಪಿನ ಅಯಾನುಗಳು ತುಂಬಿದ್ದರೆ, ಪ್ರತಿ ಬೆಂಜೊಯೇಟ್ ಅಯಾನಿನ ಸುತ್ತ ಸೋಡಿಯಂ ಅಯಾನುಗಳು ಸ್ವಲ್ಪ ಜಾಸ್ತಿ ಸುಳಿದಾಡುತ್ತವೆ. ಹೈಡ್ರೋಜನ್ ಅಯಾನಿನ ಸುತ್ತ ಕ್ಲೋರೈಡ್. ಈ ಮುಸುಕಿನಿಂದ ಒಡೆದ ಎರಡು ತುಂಡುಗಳಿಗೆ ಪರಸ್ಪರ ಸೆಳೆತ ಕಡಿಮೆಯಾಗುತ್ತದೆ. ಮತ್ತೆ ಕೂಡಿಕೊಳ್ಳುವ ಆತುರ ಇಲ್ಲದ್ದರಿಂದ ಇನ್ನಷ್ಟು ಅಣುಗಳು ಒಡೆಯುತ್ತವೆ.

ಈ ಮುಸುಕಿನ ಲೆಕ್ಕಕ್ಕೆ ನಮ್ಮ ದೇಶದ ಒಬ್ಬರ ಹೆಸರು ಜೋಡಿಕೊಂಡಿದೆ. ಜ್ಞಾನಚಂದ್ರ ಘೋಷ್ 1918ರಲ್ಲಿ, ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯುವ ಪ್ರಬಲ ಎಲೆಕ್ಟ್ರೊಲೈಟ್‌ಗಳಲ್ಲಿ ಅಯಾನುಗಳ ನಡುವಿನ ಸೆಳೆತವನ್ನು ಲೆಕ್ಕಕ್ಕೆ ತರಬೇಕು ಎಂದು ಒಂದು ಸಿದ್ಧಾಂತ ಮುಂದಿಟ್ಟರು. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅಯಾನುಗಳು ಹರಳಿನಲ್ಲಿದ್ದ ಹಾಗೆ ಸಾಲಾಗಿ ನಿಂತಿರುತ್ತವೆ ಎಂದು ಅವರು ಹಿಡಿದಿದ್ದರು. 1923ರಲ್ಲಿ ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್ ಆ ಸಾಲನ್ನು ಬಿಟ್ಟು, ಅಲುಗಾಡುವ ಅಯಾನುಗಳ ಗುಂಪನ್ನು ಹಿಡಿದು ಲೆಕ್ಕ ಮಾಡಿದರು. ನಿಂತಿದ್ದು ಅವರ ಸೂತ್ರ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಘೋಷ್ ಐದು ವರ್ಷ ಮೊದಲೇ ಗಟ್ಟಿಯಾಗಿ ಕೇಳಿದ್ದರು. ನಮ್ಮ ತರಗತಿಗಳಲ್ಲಿ ಅವರ ಹೆಸರನ್ನು ಒಂದು ಸಾಲಿನಲ್ಲಾದರೂ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಈಗ ಎರಡೂ ಎಳೆತಗಳನ್ನು ಒಂದೇ ಕಡೆ ಇಟ್ಟು ನೋಡೋಣ. ಲೀಟರಿಗೆ 0.1 ಮೋಲ್, ಅಂದರೆ ಸುಮಾರು 5.8 ಗ್ರಾಂ ಉಪ್ಪು ಹಾಕಿದ್ದೀರಿ. ಇಡೀ ಅಣುಗಳು 26.5 ಮಿಲಿಮೋಲ್‌ನಿಂದ 25.4ಕ್ಕೆ ಇಳಿಯುತ್ತವೆ. ಒಡೆದ ಪಾಲು 1.3ರಿಂದ ಸುಮಾರು 1.65ಕ್ಕೆ ಏರುತ್ತದೆ. ಹೋದದ್ದು 1.1, ಬಂದದ್ದು 0.3. ಒಟ್ಟು 27.8 ಇದ್ದದ್ದು 27.1ರ ಆಸುಪಾಸು ನಿಲ್ಲುತ್ತದೆ. ನೀವು ಬರೀ ಒಟ್ಟು ನೋಡಿದರೆ ಉಪ್ಪಿನಿಂದ ದೊಡ್ಡ ವ್ಯತ್ಯಾಸವಿಲ್ಲ ಎನ್ನುತ್ತೀರಿ. ಒಳಗೆ ಎರಡು ಬದಲಾವಣೆಗಳು ಒಂದನ್ನೊಂದು ಮುಚ್ಚಿಹಾಕಿವೆ.

ಲಿಂಬೆರಸದ ಬಿಳಿ ಚೂರಿಗೆ ಈಗ ಉತ್ತರ ಸಿಕ್ಕಿತು. ರಸದ ಪಿಹೆಚ್ 2.3ರ ಹತ್ತಿರ ಎನ್ನಿ. ಅಷ್ಟು ಹುಳಿಯಲ್ಲಿ ಬೆಂಜೊಯೇಟ್‌ನ ನೂರಕ್ಕೆ 98ಕ್ಕೂ ಹೆಚ್ಚು ಪಾಲು ಇಡೀ ಆಮ್ಲವಾಗಿ ಬದಲಾಗುತ್ತದೆ. ಕೆಡದಂತೆ ಕಾಯುವುದೂ ಆ ರೂಪವೇ. ಅಣುಜೀವಿಯ ಪೊರೆ ದಾಟಿ ಒಳಗೆ ಹೋಗುವುದು ಇಡೀ ಅಣು. ಲೀಟರಿಗೆ ಕಾಲು ಗ್ರಾಂ ಹಾಕಿದ್ದೀರಿ ಎಂದುಕೊಂಡರೆ, ಉಪ್ಪಿನಕಾಯಿಯಷ್ಟು ಉಪ್ಪಿದ್ದಾಗಿನ 1.15 ಗ್ರಾಂ ಮಿತಿಗಿಂತಲೂ ಅದು ಬಹಳ ಕಡಿಮೆ. ಪೂರ್ತಿ ಕಲೆತರೆ ಕರಗಿಯೇ ಇರಬೇಕು. ಆದರೆ ನೀವು ಸುರಿಯುವುದು ನೂರಕ್ಕೆ ಹತ್ತರ ಗಟ್ಟಿ ದ್ರಾವಣ. ಸುರಿದ ಜಾಗದಲ್ಲಿ ಒಂದು ಕ್ಷಣ ಮಿತಿಗಿಂತ ಹತ್ತಾರು ಪಟ್ಟು ಆಮ್ಲ ಹುಟ್ಟಿ ಹರಳಾಗುತ್ತದೆ.

ಆ ಚೂರು ಮತ್ತೆ ಕರಗಲು ತಡವಾಗುವುದಕ್ಕೂ ಉಪ್ಪೇ ಕಾರಣ. 1897ರಲ್ಲಿ ಅಮೆರಿಕದ ಆರ್ಥರ್ ನೋಯಿಸ್ ಮತ್ತು ವಿಲಿಸ್ ವಿಟ್ನಿ ಕರಗುವ ವೇಗದ ನಿಯಮ ಕಂಡುಹಿಡಿದರು. ಅವರು ನೀರಿನಲ್ಲಿ ತಿರುಗಿಸಿ ನೋಡಿದ ಎರಡು ವಸ್ತುಗಳಲ್ಲಿ ಒಂದು ಇದೇ ಬೆಂಜೋಯಿಕ್ ಆಮ್ಲ, ಇನ್ನೊಂದು ಲೆಡ್ ಕ್ಲೋರೈಡ್. ಕರಗುವಿಕೆಯ ಮಿತಿಗೂ ದ್ರಾವಣದಲ್ಲಿ ಈಗಾಗಲೇ ಇರುವುದಕ್ಕೂ ಎಷ್ಟು ಅಂತರವೋ ಅಷ್ಟು ವೇಗ ಎನ್ನುತ್ತದೆ ಆ ನಿಯಮ. ಉಪ್ಪಿಲ್ಲದಿದ್ದರೆ ಅಂತರ ಸುಮಾರು 3 ಗ್ರಾಂ. ಉಪ್ಪುರಸದಲ್ಲಿ 0.9 ಮಾತ್ರ. ವೇಗ ಮೂರನೇ ಒಂದು ಪಾಲಿಗಿಂತಲೂ ಕಡಿಮೆಯಾಯಿತು. ಚೂರು ತಳಕ್ಕಿಳಿದು ಕೂತರೆ ಅಲ್ಲೇ ಉಳಿಯುತ್ತದೆ, ಮೇಲಿನ ರಸಕ್ಕೆ ಬೇಕಾದಷ್ಟು ರಕ್ಷಣೆ ಸಿಗುವುದಿಲ್ಲ. ಅದಕ್ಕೇ ಬೆಂಜೊಯೇಟ್ ಅನ್ನು ತೆಳ್ಳಗೆ ಕರಗಿಸಿ, ಜೋರಾಗಿ ಕಲಕುತ್ತಾ, ಸಣ್ಣ ಧಾರೆಯಲ್ಲಿ ಬಿಡಬೇಕು. ಸ್ಕ್ವಾಶ್ ಮಾಡುವುದಾದರೆ ಮೊದಲು ಸಕ್ಕರೆ ಪಾಕಕ್ಕೆ ಬೆರೆಸಿ, ಹುಳಿಯನ್ನು ಆಮೇಲೆ ಹಾಕುವುದು ಇನ್ನೂ ಒಳ್ಳೆಯದು. ಎಷ್ಟು ಹಾಕಬಹುದು ಎನ್ನುವುದಕ್ಕೆ ಮಾತ್ರ ಆಹಾರ ಸುರಕ್ಷತೆ ಪ್ರಾಧಿಕಾರದ ಮಿತಿಯನ್ನೇ ನೋಡಬೇಕು.

ಅಳೆಯುವಾಗ ಎಚ್ಚರ ಎಲ್ಲಿ

ವಿಧಾನ ಸರಳ. ಬಾಟಲಿಗೆ ನೀರು ಅಥವಾ ಉಪ್ಪಿನ ದ್ರಾವಣ ಹಾಕಿ, ಕರಗುವುದಕ್ಕಿಂತ ಜಾಸ್ತಿ ಆಮ್ಲ ಹಾಕಿ, ಬಿರಡೆ ಮುಚ್ಚಿ, 25 ಡಿಗ್ರಿಯ ವಾಟರ್ ಬಾತ್‌ನಲ್ಲಿ ಒಂದು ಇಡೀ ದಿನ ಅಲುಗಾಡಿಸಿ. ನಂತರ ತಿಳಿಯಾಗಲು ಬಿಟ್ಟು, ಸೋಸಿ, 25 ಮಿಲಿಲೀಟರ್ ತೆಗೆದು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಟೈಟ್ರೇಷನ್ ಮಾಡಿ, ಅಂದರೆ ಹುಳಿ ಪೂರ್ತಿ ತೀರುವ ತನಕ ಆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತು ಎಂದು ನೋಡಿ. ಫಿನಾಲ್ಫ್ಥಲೀನ್ ಸೂಚಕ. ಹೈಡ್ರಾಕ್ಸೈಡ್ 0.05 ಮೋಲಾರ್ ಇದ್ದರೆ, ಶುದ್ಧ ನೀರಿನ ದ್ರಾವಣಕ್ಕೆ ಬ್ಯೂರೆಟ್‌ನಲ್ಲಿ 13.9 ಮಿಲಿಲೀಟರ್ ಹತ್ತಿರ ತಿಳಿ ಗುಲಾಬಿ ನಿಲ್ಲಬೇಕು.

ಕಷ್ಟವಿರುವುದು ಉಷ್ಣತೆಯಲ್ಲಿ. ಬೆಂಜೋಯಿಕ್ ಆಮ್ಲ 18 ಡಿಗ್ರಿಯಲ್ಲಿ 2.7 ಗ್ರಾಂ, 40 ಡಿಗ್ರಿಯಲ್ಲಿ 5.5 ಗ್ರಾಂ ಕರಗುತ್ತದೆ. ಎರಡು ಪಟ್ಟು ವ್ಯತ್ಯಾಸ! ವಿಜಯಪುರದಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ರೂಮ್ ಟೆಂಪರೇಚರ್ ಎಂದು ಬರೆದು ಬಿಟ್ಟರೆ ಆ ಅಂಕಿಯಿಂದ ಯಾರಿಗೂ ಪ್ರಯೋಜನವಿಲ್ಲ. ಬಾತ್ 25ರಲ್ಲೇ ಇದ್ದರೂ ಪಿಪೆಟ್ ತಣ್ಣಗಿದ್ದರೆ ಅದರೊಳಗೇ ಸೂಜಿಯಂಥ ಹರಳು ಬೀಳುತ್ತದೆ, ಓದು ಕಡಿಮೆ ಬರುತ್ತದೆ. ಚಳಿಗಾಲದ ಬೆಳಗ್ಗೆ ಇದು ಆಗಿಯೇ ಆಗುತ್ತದೆ. ಪಿಪೆಟ್ಟನ್ನೂ ಫಿಲ್ಟರನ್ನೂ ಬಾತ್‌ನ ಉಷ್ಣತೆಗೆ ತಂದುಕೊಂಡು, ತೆಗೆದ ದ್ರಾವಣಕ್ಕೆ ಕೂಡಲೇ ನೀರು ಬೆರೆಸಿಬಿಡಿ. ಬೆರೆಸಿದ ಮೇಲೆ ಹರಳಾಗುವ ಭಯವಿಲ್ಲ, ಟೈಟ್ರೇಷನ್ ಲೆಕ್ಕಕ್ಕೂ ಧಕ್ಕೆಯಿಲ್ಲ.

ಒಂದು ದಿನ ಸಾಕಾಯಿತೇ ಎಂದು ತಿಳಿಯುವುದು ಹೇಗೆ? ಎರಡು ಬಾಟಲಿ ಇಡಿ. ಒಂದನ್ನು ನೇರ 25ಕ್ಕೆ ಇಡಿ. ಇನ್ನೊಂದನ್ನು ಮೊದಲು 40ಕ್ಕೆ ಬಿಸಿ ಮಾಡಿ ಜಾಸ್ತಿ ಕರಗಿಸಿಕೊಂಡು ಆಮೇಲೆ 25ಕ್ಕೆ ಇಳಿಸಿ. ಕೆಳಗಿನಿಂದ ಬಂದದ್ದೂ ಮೇಲಿನಿಂದ ಬಂದದ್ದೂ ಒಂದೇ ಅಂಕಿ ಕೊಟ್ಟರೆ ನಂಬಬಹುದು. ಈ ಒಂದು ಪರೀಕ್ಷೆ ಮಾಡದ ಅಳತೆಯನ್ನು ನಾನು ಅರ್ಧ ಅಳತೆ ಎನ್ನುತ್ತೇನೆ.

ಟೈಟ್ರೇಷನ್ ಏನನ್ನು ಎಣಿಸುತ್ತದೆ ಎನ್ನುವುದೂ ಗೊತ್ತಿರಬೇಕು. ಅದು ಎಣಿಸುವುದು ಹುಳಿಯನ್ನು. ಬೈಕಾರ್ಬೊನೇಟ್ ಇದ್ದ ನೀರಿನಲ್ಲಿ ಸೋಡಿಯಂ ಬೆಂಜೊಯೇಟ್ ಆಗಿ ಹೋದ ಪಾಲು ಟೈಟ್ರೇಷನ್ನಿಗೆ ಕಾಣುವುದೇ ಇಲ್ಲ. ಮೇಲಿಂದ, ಕರಗಿ ಉಳಿದ ಕಾರ್ಬನ್ ಡೈಆಕ್ಸೈಡ್ ತಾನೂ ಹುಳಿ ಎಂದು ಲೆಕ್ಕಕ್ಕೆ ಸೇರುತ್ತದೆ. ಅಂಥ ಕಡೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯುವಿ ಸ್ಪೆಕ್ಟ್ರೊಫೋಟೊಮೀಟರ್ ಬೇಕು. ಇಲ್ಲದಿದ್ದರೆ ಡಿಸ್ಟಿಲ್ಡ್ ನೀರನ್ನೇ ಕುದಿಸಿ ಆರಿಸಿ ಬಳಸಿ.

ಪಿಹೆಚ್ ಮೀಟರ್ ಬಗ್ಗೆ ಒಂದು ಮಾತು. ಗಾಜಿನ ಎಲೆಕ್ಟ್ರೋಡ್ ಹೈಡ್ರೋಜನ್ ಅಯಾನುಗಳ ಸಾರತೆಯನ್ನು ಎಣಿಸುವುದಿಲ್ಲ, ಅವುಗಳ ಆಕ್ಟಿವಿಟಿಗೆ, ಅಂದರೆ ಸುತ್ತಲಿನ ಅಯಾನುಗಳ ಪ್ರಭಾವವೂ ಸೇರಿದ ಪರಿಣಾಮಕಾರಿ ಪ್ರಮಾಣಕ್ಕೆ, ಸ್ಪಂದಿಸುತ್ತದೆ. ಮೀಟರನ್ನು ನಾವು ಹೊಂದಿಸುವುದು ಉಪ್ಪು ಕಡಿಮೆ ಇರುವ, ಪಿಹೆಚ್ ಮೊದಲೇ ಗೊತ್ತಿರುವ ಬಫರ್‌ನಿಂದ. ಅದನ್ನೇ ತಂದು ಗಟ್ಟಿ ಉಪ್ಪುನೀರಿಗೆ ಅದ್ದಿದರೆ ಓದು ಸ್ವಲ್ಪ ಸರಿಯುತ್ತದೆ. ಉಪ್ಪು ಜಾಸ್ತಿ ಇದ್ದಾಗ ಎರಡನೇ ದಶಮಾಂಶಕ್ಕೆ ಜೋತುಬೀಳಬೇಡಿ.

ಲೆಕ್ಕದ ಮಾದರಿ ಕಟ್ಟುವುದು

ಮಾದರಿ ಎಂದರೆ ಇಲ್ಲಿ ಇಷ್ಟೇ: ಇಡೀ ಅಣುಗಳಿಗೆ ಸೆಚೆನೊವ್ ನಿಯಮ, ಒಡೆದ ಅಯಾನುಗಳಿಗೆ ಡಿಬೈ–ಹ್ಯೂಕೆಲ್ ತರಹದ ಸೂತ್ರ, ಎರಡನ್ನೂ ಕೂಡಿಸಿದರೆ ಒಟ್ಟು. ಸೆಚೆನೊವ್ ಸ್ಥಿರಾಂಕ ಸಿಗಬೇಕಾದರೆ ಉಪ್ಪಿನ ಪ್ರಮಾಣ ಏರಿಸುತ್ತಾ ಅಳೆದು, ಲಾಗ್ ಅನುಪಾತವನ್ನು ಉಪ್ಪಿನ ಸಾರತೆಯ ಎದುರು ಗ್ರಾಫ್ ಹಾಕಬೇಕು. ಗೆರೆಯ ಓರೆಯೇ ಸ್ಥಿರಾಂಕ.

ಇಲ್ಲಿ ಬಹಳ ಜನ ಜಾರುವ ಜಾಗ ಒಂದಿದೆ. ಗ್ರಾಫಿಗೆ ಹಾಕಬೇಕಾದ್ದು ಇಡೀ ಅಣುಗಳ ಅಂಕಿ. ಒಟ್ಟು ಅಂಕಿಯನ್ನೇ ಹಾಕಿದರೆ 0.1 ಮೋಲ್ ಉಪ್ಪಿಗೆ 0.018 ಬರಬೇಕಾದಲ್ಲಿ 0.012 ಬರುತ್ತದೆ. ಮೂರನೇ ಒಂದು ಪಾಲು ತಪ್ಪು. ಉಪಾಯ ಸುಲಭ. ಎಲ್ಲ ಬಾಟಲಿಗೂ ಲೀಟರಿಗೆ 0.01 ಮೋಲ್ ಆಗುವಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಆ ಹುಳಿಗೆ ಬೆಂಜೋಯಿಕ್ ಆಮ್ಲ ಒಡೆಯುವುದು ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಟೈಟ್ರೇಷನ್ನಿನಿಂದ ಆ 0.01 ಕಳೆದರೆ ಉಳಿಯುವುದು ಬಹುತೇಕ ಇಡೀ ಅಣುಗಳೇ.

ಮೂಲ ಡಿಬೈ–ಹ್ಯೂಕೆಲ್ ಸೂತ್ರ ಬಹಳ ತೆಳ್ಳಗಿನ ದ್ರಾವಣಕ್ಕೆ ಮಾತ್ರ ಸರಿ. ಡೇವಿಸ್ ಎಂಬ ಕೆಮಿಸ್ಟ್ ಅದನ್ನು ತಿದ್ದಿದ ರೂಪ ಅರ್ಧ ಮೋಲ್ ತನಕ ಎಳೆದುಕೊಂಡು ಹೋಗುತ್ತದೆ. ಉಪ್ಪಿನಕಾಯಿಯ ದ್ರವದಂಥ ಗಟ್ಟಿ ಉಪ್ಪಿಗೆ ಕೆನೆತ್ ಪಿಟ್ಜರ್ 1973ರಲ್ಲಿ ಕೊಟ್ಟ ಸಮೀಕರಣಗಳು ಬೇಕು. ಅವುಗಳಲ್ಲಿ ಪ್ರತಿ ಜೋಡಿ ಅಯಾನಿಗೂ ಬೇರೆ ಬೇರೆ ಅಂಕಿಗಳಿರುತ್ತವೆ. ಆ ಅಂಕಿಗಳು ಬರುವುದು ಪ್ರಯೋಗದಿಂದಲೇ. ಆದ್ದರಿಂದ ಕಂಪ್ಯೂಟರ್ ಇದೆ ಎಂದು ಅಳತೆ ಬಿಡಲಾಗುವುದಿಲ್ಲ.

ಸಲ್ಫೇಟ್ ಹಾಕಿದಾಗ ಮಾದರಿಗೆ ಇನ್ನೊಂದು ಸಾಲು ಸೇರಬೇಕು. ಸಲ್ಫೇಟ್ ಅಯಾನು ಸುಮ್ನೆ ಇರುವುದಿಲ್ಲ. ಹೈಡ್ರೋಜನ್ ಅಯಾನನ್ನು ಹಿಡಿದು ಬೈಸಲ್ಫೇಟ್ ಆಗುತ್ತದೆ. ಹುಳಿ ಕಡಿಮೆಯಾದ್ದರಿಂದ ಬೆಂಜೋಯಿಕ್ ಆಮ್ಲ ಇನ್ನಷ್ಟು ಒಡೆಯುತ್ತದೆ. ಹೊರದೂಡುವ ಉಪ್ಪುಗಳಲ್ಲಿ ಮುಂಚೂಣಿಯಲ್ಲಿರುವ ಸಲ್ಫೇಟ್ ಇನ್ನೊಂದು ಕೈಯಿಂದ ಒಳಗೂ ಎಳೆಯುತ್ತದೆ. ಇದನ್ನು ಬಿಟ್ಟರೆ ಲೆಕ್ಕ ಮತ್ತು ಅಳತೆ ಕೂಡುವುದಿಲ್ಲ.

ಕೊನೆಗೆ ವಿಜಯಪುರದ ಇನ್ನೊಂದು ಬೆಳೆ, ದ್ರಾಕ್ಷಿ. ದ್ರಾಕ್ಷಿರಸವನ್ನು ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಗಾಜಿನ ಪುಡಿಯಂತೆ ಕಾಣುವ ಹರಳು ಕೂರುತ್ತದೆ. ಅದು ಟಾರ್ಟಾರಿಕ್ ಆಮ್ಲದ ಅರ್ಧ ಪೊಟ್ಯಾಸಿಯಂ ಉಪ್ಪು, ಪೊಟ್ಯಾಸಿಯಂ ಬೈಟಾರ್ಟರೇಟ್. ತಿಂದರೆ ಅಪಾಯವಿಲ್ಲ. ಆಮ್ಲ ತಾನಾಗಿ ನೀರಿನಲ್ಲಿ ಧಾರಾಳ ಕರಗುತ್ತದೆ. ಈ ಉಪ್ಪು ಮಾತ್ರ 20 ಡಿಗ್ರಿಯಲ್ಲಿ ಲೀಟರಿಗೆ 6 ಗ್ರಾಂ ಒಳಗೆ. ಇಲ್ಲಿ ತಳದಲ್ಲಿರುವ ಹರಳು ಉಪ್ಪಾದ್ದರಿಂದ ಮೇಲಿನ ಲೆಕ್ಕ ತಿರುವುಮುರುವಾಗುತ್ತದೆ. ಪಿಹೆಚ್ ಏರಿಸಿದಷ್ಟೂ ಕರಗುವಿಕೆ ಏರುವುದಿಲ್ಲ. ಬೈಟಾರ್ಟರೇಟ್ ಅಯಾನು ಅತಿ ಹೆಚ್ಚಿರುವುದು ಪಿಹೆಚ್ 3.7ರ ಹತ್ತಿರ, ಹರಳು ಬೀಳುವ ಸಾಧ್ಯತೆಯೂ ಅಲ್ಲೇ ಜಾಸ್ತಿ. ಅಡುಗೆ ಉಪ್ಪು ಸ್ವಲ್ಪ ಹಾಕಿದರೆ ಮುಸುಕಿನಿಂದಾಗಿ ಹರಳು ಕರಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಪೊಟ್ಯಾಸಿಯಂ ಅಯಾನು ಹೆಚ್ಚಾಗಿ ಇನ್ನಷ್ಟು ಹರಳು ಬೀಳುತ್ತದೆ. ರಸದ ಘಟಕ ನಡೆಸುವವರು ಬಾಟಲಿ ತುಂಬುವ ಮೊದಲೇ ರಸವನ್ನು ತಣ್ಣಗೆ ಇಟ್ಟು, ಬಿದ್ದ ಹರಳನ್ನು ಸೋಸಿ ತೆಗೆದರೆ, ಗಿರಾಕಿಯ ಮನೆಯಲ್ಲಿ ಅದು ಮತ್ತೆ ಬೀಳುವುದಿಲ್ಲ.